ನಷ್ಟವಾದ ನಂತರದ ಒಂದು ಗಂಟೆ

ಬೆಲೆಯ ಏರಿಳಿತದಿಂದ ಲಾಭ ಮಾಡಲು ಷೇರು ಮುಂತಾದವನ್ನು ಕೊಂಡು ಮಾರುವ ಟ್ರೇಡಿಂಗ್‌ನಲ್ಲಿ ದೊಡ್ಡ ಮೊತ್ತ ಕಳೆದುಕೊಂಡವರ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಅವರನ್ನು ಮುಳುಗಿಸಿದ್ದು ಮೊದಲ ನಷ್ಟವಾಗಿರುವುದಿಲ್ಲ. ಮೊದಲನೆಯದು ಸಾಮಾನ್ಯವಾಗಿ ತಡೆದುಕೊಳ್ಳಬಹುದಾದಷ್ಟೇ ಇರುತ್ತದೆ. ಅದಾದ ಮೇಲಿನ ಒಂದು ಗಂಟೆ ಇದೆಯಲ್ಲ, ಕಿವಿ ಬಿಸಿಯಾಗಿ, ಅಂಗೈ ಬೆವರಿ, ಪರದೆಯಿಂದ ಕಣ್ಣು ಕೀಳಲಾಗದೆ ಕುಳಿತ ಆ ಗಂಟೆ, ಅದರಲ್ಲಿ ಒತ್ತಿದ ಎರಡನೆಯ, ಮೂರನೆಯ, ಐದನೆಯ ಆರ್ಡರ್‌ಗಳು ಅವರನ್ನು ಮುಳುಗಿಸಿರುತ್ತವೆ. ಪ್ರತಿ ಆರ್ಡರ್ ಹಿಂದಿನದಕ್ಕಿಂತ ದೊಡ್ಡದು. ಪ್ರತಿಯೊಂದರ ಹಿಂದೆಯೂ ಒಂದೇ ಯೋಚನೆ: ಹೋದದ್ದು ಇವತ್ತೇ ವಾಪಸ್ ಬರಬೇಕು.

ಕಳೆದುಕೊಂಡ ಜಾಗದಲ್ಲೇ ಹುಡುಕಬೇಕು ಎನ್ನುತ್ತಾರೆ. ಉಂಗುರ ಬಿದ್ದುಹೋಗಿದ್ದರೆ ಆ ಮಾತು ಸರಿ. ಮಾರುಕಟ್ಟೆಯಲ್ಲಿ ಹೋದ ಹಣ ಹೋದಲ್ಲೇ ಬಿದ್ದುಕೊಂಡು ಕಾಯುತ್ತಿರುವುದಿಲ್ಲ. ಮುಂದಿನ ವಹಿವಾಟಿಗೆ ಹಿಂದಿನದರ ನೆನಪಿಲ್ಲ, ನೀವು ಎಷ್ಟಕ್ಕೆ ಕೊಂಡಿರಿ ಎಂಬುದು ಬೆಲೆಗೆ ಗೊತ್ತೇ ಇಲ್ಲ. ಇಷ್ಟು ಸರಳವಾದದ್ದು ಬುದ್ಧಿವಂತರಿಗೂ ಆ ಗಂಟೆಯಲ್ಲಿ ಏಕೆ ಕಾಣುವುದಿಲ್ಲ? ಕಾಣದಿದ್ದಾಗಲೂ ಉಳಿದುಕೊಳ್ಳುವುದು ಹೇಗೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಗೊತ್ತಿದ್ದರೆ ಎಷ್ಟೋ ಜನ ಉಳಿದುಕೊಳ್ಳುತ್ತಿದ್ದರು ಎಂದು ನಾನು ನಿಜವಾಗಿಯೂ ನಂಬಿದ್ದೇನೆ.

ಸಮಕ್ಕೆ ಬರುವ ಹಂಬಲ

1979ರಲ್ಲಿ ಮನೋವಿಜ್ಞಾನಿಗಳಾದ ಡೇನಿಯಲ್ ಕಾಹ್ನೆಮನ್ ಮತ್ತು ಏಮೋಸ್ ಟ್ವರ್ಸ್ಕಿ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಜನರ ಮುಂದೆ ಎರಡು ಆಯ್ಕೆಗಳನ್ನಿಟ್ಟ ಪ್ರಶ್ನೆಗಳಿವೆ. ಖಚಿತವಾಗಿ 3000 ಸಿಗುತ್ತದೆ, ಇಲ್ಲವೇ 4000 ಸಿಗುವ ಸಾಧ್ಯತೆ ಶೇ 80, ಯಾವುದು ಬೇಕು? ಶೇ 80ರಷ್ಟು ಜನ ಖಚಿತವಾದ 3000 ಸಾಕು ಎಂದರು. ಅದೇ ಪ್ರಶ್ನೆಯನ್ನು ತಿರುವಿ ಕೇಳಲಾಯಿತು: ಖಚಿತವಾಗಿ 3000 ಕಳೆದುಕೊಳ್ಳುತ್ತೀರಿ, ಇಲ್ಲವೇ 4000 ಕಳೆದುಕೊಳ್ಳುವ ಸಾಧ್ಯತೆ ಶೇ 80. ಈಗ ಶೇ 92ರಷ್ಟು ಜನ ಅದೃಷ್ಟ ಪರೀಕ್ಷೆಗೆ ಇಳಿದರು. ಸರಾಸರಿ ಲೆಕ್ಕ ಹಾಕಿದರೆ ಆ ಪರೀಕ್ಷೆಯ ಬೆಲೆ 3200ರ ನಷ್ಟ, ಅಂದರೆ ಖಚಿತ ನಷ್ಟಕ್ಕಿಂತ ಕೆಟ್ಟದ್ದು. ಆದರೂ ಅದನ್ನೇ ಆರಿಸಿಕೊಂಡರು. ಲಾಭದ ಎದುರು ಅಂಜುವ ಅದೇ ಮನುಷ್ಯ ನಷ್ಟದ ಎದುರು ಜೂಜುಗಾರನಾಗುತ್ತಾನೆ. ಟ್ರೇಡಿಂಗ್ ಪರದೆಯ ಮುಂದೆ ನಡೆಯುವ ಅರ್ಧಕ್ಕರ್ಧ ಅನಾಹುತಗಳ ಬೀಜ ಈ ಒಂದು ತಿರುವಿನಲ್ಲಿದೆ.

1992ರಲ್ಲಿ ಅದೇ ಇಬ್ಬರು ನಷ್ಟದ ನೋವನ್ನು ಅಳೆಯಲು ಹೊರಟಾಗ, ಅಷ್ಟೇ ಗಾತ್ರದ ಲಾಭದ ಸಂತೋಷಕ್ಕಿಂತ ಅದು ಸುಮಾರು ಎರಡೂಕಾಲು ಪಟ್ಟು ತೂಗುತ್ತದೆ ಎಂಬ ಅಂದಾಜಿಗೆ ಬಂದರು. ಈ ಸಂಖ್ಯೆ ವ್ಯಕ್ತಿಯಿಂದ ವ್ಯಕ್ತಿಗೆ, ಪ್ರಯೋಗದಿಂದ ಪ್ರಯೋಗಕ್ಕೆ ಬದಲಾಗುತ್ತದೆ. ದಿಕ್ಕು ಮಾತ್ರ ಟ್ರೇಡಿಂಗ್ ಮಾಡಿದವರಿಗೆಲ್ಲ ಅನುಭವಕ್ಕೆ ಬಂದಿರುತ್ತದೆ. ನಿನ್ನೆ ಬಂದ ಲಾಭ ರಾತ್ರಿಯ ಹೊತ್ತಿಗೆ ಮರೆತುಹೋಗುತ್ತದೆ, ಅಷ್ಟೇ ನಷ್ಟ ನಿದ್ದೆ ಕೆಡಿಸುತ್ತದೆ.

ನಷ್ಟ ನೋಯುತ್ತದೆ ಎಂಬುದಕ್ಕಿಂತ ಅಪಾಯಕಾರಿಯಾದದ್ದು, ಆ ನೋವು ಹೋಗಲು ಮನಸ್ಸು ಹುಡುಕುವ ಔಷಧ. ರಿಚರ್ಡ್ ಥೇಲರ್ ಮತ್ತು ಎರಿಕ್ ಜಾನ್ಸನ್ 1990ರಲ್ಲಿ ಇದನ್ನು ತೋರಿಸಿದರು. ಕಳೆದುಕೊಂಡ ಕೂಡಲೇ ಜನ ಸಾಮಾನ್ಯವಾಗಿ ಹಿಂಜರಿಯುತ್ತಾರೆ. ಆದರೆ ಮುಂದಿರುವ ಪಣದಲ್ಲಿ ಹೋದದ್ದೆಲ್ಲ ಒಮ್ಮೆಗೇ ಮರಳಿ ಬಂದು ಲೆಕ್ಕ ಸಮವಾಗುವ ಅವಕಾಶವಿದ್ದರೆ, ಆ ಹಿಂಜರಿಕೆ ಕರಗಿ ಅದೇ ಪಣ ಅತ್ಯಂತ ಆಕರ್ಷಕವಾಗಿ ಕಾಣುತ್ತದೆ. ಮಾರ್ಜಿನ್ ಮತ್ತು ಲಿವರೇಜ್ (ಸ್ವಲ್ಪ ಹಣ ಒತ್ತೆಯಿಟ್ಟು ಅದರ ಹಲವು ಪಟ್ಟು ಮೊತ್ತದ ವಹಿವಾಟು ನಡೆಸುವ ಸೌಲಭ್ಯ) ಇರುವ ಕಡೆಯಲ್ಲೆಲ್ಲ ಅಂಥ ಅವಕಾಶ ಒಂದು ಬಟನ್‌ನಷ್ಟು ದೂರದಲ್ಲಿರುತ್ತದೆ. ಟ್ರೇಡರ್‌ಗಳು ಇದನ್ನು ರಿವೆಂಜ್ ಟ್ರೇಡಿಂಗ್ ಎಂದು ಕರೆಯುತ್ತಾರೆ. ಹೆಸರು ಸೇಡಿನದ್ದಾದರೂ ಒಳಗಿರುವುದು ಹೆಚ್ಚಾಗಿ ಸೇಡಲ್ಲ. ಈ ನಷ್ಟ ಆಗಲೇ ಇಲ್ಲ ಎನ್ನುವಂತೆ ಇವತ್ತಿನ ದಿನವನ್ನು ಅಳಿಸಿಬಿಡಬೇಕು ಎಂಬ ಹಂಬಲ ಅದು.

ಈ ಹಂಬಲ ಎಲ್ಲಿಗೆ ಒಯ್ಯಬಲ್ಲದು ಎಂಬುದಕ್ಕೆ ಬೇರಿಂಗ್ಸ್ ಬ್ಯಾಂಕ್‌ನ ಕಥೆಯಷ್ಟು ಸ್ಪಷ್ಟವಾದ ಉದಾಹರಣೆ ಇನ್ನೊಂದಿಲ್ಲ. 1762ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಬ್ಯಾಂಕ್ ಅದು. ಸಿಂಗಪುರದ ಶಾಖೆಯಲ್ಲಿದ್ದ ನಿಕ್ ಲೀಸನ್ ಎಂಬ ಟ್ರೇಡರ್ 88888 ಎಂಬ ಖಾತೆಯಲ್ಲಿ ನಷ್ಟಗಳನ್ನು ಬಚ್ಚಿಡುತ್ತಾ, ಅವುಗಳನ್ನು ತುಂಬಿಕೊಳ್ಳಲು ಪೊಸಿಷನ್‌ಗಳನ್ನು, ಅಂದರೆ ಇನ್ನೂ ಮುಗಿಸದೆ ಹಿಡಿದುಕೊಂಡ ವಹಿವಾಟುಗಳನ್ನು, ಬೆಳೆಸುತ್ತಾ ಹೋದ. 1995ರ ಜನವರಿ 17ರಂದು ಜಪಾನಿನ ಕೋಬೆಯಲ್ಲಿ ಭೂಕಂಪವಾಗಿ ಅಲ್ಲಿನ ಷೇರು ಸೂಚ್ಯಂಕ ಕುಸಿಯತೊಡಗಿದಾಗ ಅವನು ಹಿಂದೆ ಸರಿಯಲಿಲ್ಲ, ಇನ್ನಷ್ಟು ಕೊಂಡ. ಆರು ವಾರಗಳೊಳಗೆ ಬ್ಯಾಂಕ್ ಕುಸಿದುಬಿತ್ತು. ಒಟ್ಟು ನಷ್ಟ 82.7 ಕೋಟಿ ಪೌಂಡ್. ಎರಡು ಶತಮಾನಕ್ಕೂ ಹಳೆಯದಾದ ಸಂಸ್ಥೆ ಒಂದು ಪೌಂಡ್‌ಗೆ ಐಎನ್‌ಜಿ ಎಂಬ ಡಚ್ ಸಂಸ್ಥೆಯ ಪಾಲಾಯಿತು. ಮೋಸ, ಮೇಲ್ವಿಚಾರಣೆಯ ಲೋಪ ಎಲ್ಲವೂ ಅದರಲ್ಲಿದ್ದವು. ಆದರೆ ದಿನದಿಂದ ದಿನಕ್ಕೆ ಅದನ್ನು ದೂಡುತ್ತಿದ್ದದ್ದು, ಮನೆಯಲ್ಲಿ ಒಬ್ಬರೇ ಕುಳಿತು ನಷ್ಟದ ಪೊಸಿಷನ್‌ಗೆ ಇನ್ನಷ್ಟು ಸೇರಿಸಿ ಆವರೇಜ್ ಮಾಡುವವರನ್ನು (ಕೊಂಡ ಬೆಲೆಯ ಸರಾಸರಿ ಇಳಿಸುವವರನ್ನು) ದೂಡುವ ಅದೇ ಒತ್ತಡ.

ಇದರದ್ದೇ ಸೌಮ್ಯ ರೂಪವೊಂದು ನಮ್ಮಲ್ಲಿ ಬಹುತೇಕರಿಗೆ ಇದೆ. ಲಾಭದಲ್ಲಿರುವುದನ್ನು ಬೇಗ ಮಾರುವುದು, ನಷ್ಟದಲ್ಲಿರುವುದನ್ನು ಹಿಡಿದುಕೊಂಡು ಕೂರುವುದು. ಮಾರಿದರೆ ತಾನೇ ನಷ್ಟ, ಅಲ್ಲಿಯವರೆಗೆ ಕಾಗದದ ಮೇಲಿನ ಅಂಕಿ ಎಂದು ಸಮಾಧಾನ ಹೇಳಿಕೊಳ್ಳುವುದು. ಟೆರೆನ್ಸ್ ಓಡಿಯನ್ 1998ರಲ್ಲಿ ಅಮೆರಿಕದ ಬ್ರೋಕರ್ ಸಂಸ್ಥೆಯೊಂದರ 10,000 ಖಾತೆಗಳನ್ನು ಪರಿಶೀಲಿಸಿದಾಗ, ಜನ ಲಾಭದಲ್ಲಿ ಮಾರಿಬಿಟ್ಟ ಷೇರುಗಳು ಮುಂದಿನ ಒಂದು ವರ್ಷದಲ್ಲಿ ಅವರು ನಷ್ಟದಲ್ಲಿ ಉಳಿಸಿಕೊಂಡ ಷೇರುಗಳಿಗಿಂತ ಸರಾಸರಿ ಶೇ 3.4ರಷ್ಟು ಹೆಚ್ಚು ಗಳಿಸಿದ್ದು ಕಂಡುಬಂತು. ಕೊಂಡ ಬೆಲೆ ಎಂಬುದು ನಮ್ಮ ಮನಸ್ಸಿನಲ್ಲಿ ಮಾತ್ರ ಇರುವ ಗೆರೆ. ಆ ಗೆರೆಗೆ ಮರಳಿ ಬರುವ ಹೊಣೆ ಷೇರಿಗೆ ಇಲ್ಲ.

ದೇಹಕ್ಕೆ ಮೊದಲು ತಿಳಿಯುತ್ತದೆ

ಭಾವನೆಗಳನ್ನು ಬದಿಗಿಟ್ಟು ಟ್ರೇಡಿಂಗ್ ಮಾಡಿ ಎಂಬ ಉಪದೇಶ ಎಲ್ಲೆಡೆ ಸಿಗುತ್ತದೆ. ಅದು ಆಗದ ಕೆಲಸ. 2002ರಲ್ಲಿ ಆ್ಯಂಡ್ರ್ಯೂ ಲೋ ಮತ್ತು ಡಿಮಿಟ್ರಿ ರೆಪಿನ್ ಹತ್ತು ವೃತ್ತಿಪರ ಟ್ರೇಡರ್‌ಗಳ ಮೈಗೆ ಸಂವೇದಕಗಳನ್ನು ಅಂಟಿಸಿ, ಅವರು ನಿಜವಾಗಿ ವಹಿವಾಟು ನಡೆಸುತ್ತಿರುವಾಗಲೇ ಅಳತೆ ಮಾಡಿದರು. ವರ್ಷಗಟ್ಟಲೆ ಅನುಭವವಿದ್ದವರ ದೇಹವೂ ಮಾರುಕಟ್ಟೆಯ ಏರಿಳಿತಕ್ಕೆ ಸ್ಪಂದಿಸುತ್ತಿತ್ತು. ಹೊಸಬರಲ್ಲಿ ಕೆಲವು ಸ್ಪಂದನೆಗಳು ಇನ್ನೂ ಹೆಚ್ಚಾಗಿದ್ದವು. ಅನುಭವ ಬಂದಂತೆ ಮನುಷ್ಯ ಕಲ್ಲಾಗುವುದಿಲ್ಲ. ಆದ್ದರಿಂದ ನಷ್ಟವಾದಾಗ ಎದೆ ಹೊಡೆದುಕೊಂಡರೆ ನೀವು ಈ ಕೆಲಸಕ್ಕೆ ಲಾಯಕ್ಕಿಲ್ಲ ಎಂದು ಅರ್ಥವಲ್ಲ.

ವಾಲ್ ಸ್ಟ್ರೀಟ್‌ನಲ್ಲಿ ಟ್ರೇಡರ್ ಆಗಿದ್ದು ನಂತರ ನರವಿಜ್ಞಾನಕ್ಕೆ ಬಂದ ಜಾನ್ ಕೋಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಲಂಡನ್‌ನ 17 ಟ್ರೇಡರ್‌ಗಳ ಜೊಲ್ಲಿನ ಮಾದರಿಗಳನ್ನು ಎಂಟು ಕೆಲಸದ ದಿನಗಳ ಕಾಲ ಸಂಗ್ರಹಿಸಿ ಹಾರ್ಮೋನುಗಳನ್ನು ಅಳೆದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಒತ್ತಡದ ಹಾರ್ಮೋನು ಕಾರ್ಟಿಸೋಲ್ ಏರುತ್ತಿದ್ದದ್ದು ಮಾರುಕಟ್ಟೆಯ ಅನಿಶ್ಚಿತತೆ ಮತ್ತು ಸ್ವಂತ ಫಲಿತಾಂಶದ ಏರಿಳಿತಗಳ ಜೊತೆಗೆ. ಅಂದರೆ ಲಾಭದಲ್ಲಿದ್ದರೂ, ಇವತ್ತು ಬೆಟ್ಟ, ನಾಳೆ ಕಣಿವೆ ಎನ್ನುವ ಬದುಕು ದೇಹವನ್ನು ದಣಿಸುತ್ತದೆ. 2014ರಲ್ಲಿ ಅವರದೇ ತಂಡ ಸ್ವಯಂಸೇವಕರ ಕಾರ್ಟಿಸೋಲ್ ಮಟ್ಟವನ್ನು ಔಷಧದ ಮೂಲಕ ಎಂಟು ದಿನ ಏರಿಸಿ ಇಟ್ಟಿತು. ಆ ಜನ ಮೊದಲಿಗಿಂತ ಬಹಳ ಹೆಚ್ಚು ಅಪಾಯಕ್ಕೆ ಅಂಜುವವರಾದರು.

ಇಲ್ಲಿ ಒಂದು ಗೊಂದಲ ಹುಟ್ಟಬಹುದು. ನಷ್ಟವಾದವನು ದುಡುಕುತ್ತಾನೆ ಎಂದು ಮೊದಲು ಹೇಳಿ, ಈಗ ಅಂಜುತ್ತಾನೆ ಎನ್ನುತ್ತಿದ್ದೇನೆ. ಎರಡೂ ನಿಜ, ಕಾಲ ಬೇರೆ. ಮೊದಲ ಗಂಟೆಗಳಲ್ಲಿ ಸಮಕ್ಕೆ ಬರುವ ಹಂಬಲ ದುಡುಕಿಸುತ್ತದೆ. ಒತ್ತಡ ವಾರಗಟ್ಟಲೆ ಮುಂದುವರಿದರೆ ಮನಸ್ಸು ಮುದುಡುತ್ತದೆ. ಚೆನ್ನಾಗಿ ಯೋಚಿಸಿದ ವಹಿವಾಟಿಗೂ ಕೈ ಏಳುವುದಿಲ್ಲ, ಸಣ್ಣ ಲಾಭ ಕಂಡರೆ ಗಾಬರಿಯಿಂದ ಹೊರಬರುವಂತಾಗುತ್ತದೆ. ಮೊದಲು ಅತಿ ಧೈರ್ಯದಿಂದ ಕಳೆದುಕೊಂಡದ್ದನ್ನು ನಂತರ ಅತಿ ಭಯದಿಂದ ಗಳಿಸಿಕೊಳ್ಳಲಾಗದೆ ಹೋಗುತ್ತಾರೆ.

ನಿದ್ದೆಯ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2007ರಲ್ಲಿ ಪ್ರಕಟವಾದ ಮಿದುಳು ಚಿತ್ರಣದ ಅಧ್ಯಯನವೊಂದರಲ್ಲಿ, ಒಂದು ರಾತ್ರಿ ನಿದ್ದೆಗೆಟ್ಟವರ ಮಿದುಳು ಅಪಾಯದ ಆಯ್ಕೆ ಮಾಡುವಾಗ ಗೆಲುವಿನ ನಿರೀಕ್ಷೆಗೆ ಹೆಚ್ಚಾಗಿಯೂ, ನಷ್ಟಕ್ಕೆ ಮಂದವಾಗಿಯೂ ಸ್ಪಂದಿಸಿದ್ದು ಕಂಡಿತು. ನಷ್ಟದ ಚಿಂತೆಯಲ್ಲಿ ರಾತ್ರಿ ಕಳೆದು ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಹೊತ್ತಿಗೆ ಕುಳಿತುಕೊಳ್ಳುವವರು ಬ್ರೇಕ್ ಸಡಿಲವಾದ ಗಾಡಿಯನ್ನು ರಸ್ತೆಗೆ ಇಳಿಸುತ್ತಿದ್ದಾರೆ.

ಸೋಲಿನ ಸರಣಿ, ಪಣದ ಗಾತ್ರ

ಒತ್ತಡದ ಬಗ್ಗೆ ಬರೆಯುವಾಗ ಗಣಿತ ಏಕೆ ಎಂದು ಕೇಳಬಹುದು. ನನ್ನ ತಿಳಿವಳಿಕೆಯಲ್ಲಿ ಟ್ರೇಡಿಂಗ್‌ನ ಮಾನಸಿಕ ಒತ್ತಡದ ದೊಡ್ಡ ಪಾಲು ಪಣದ ಗಾತ್ರದಿಂದ ಬರುತ್ತದೆ. ಧ್ಯಾನ, ಉಸಿರಾಟ, ಶಿಸ್ತು ಎಲ್ಲವೂ ಒಳ್ಳೆಯವೇ. ಆದರೆ ತಡೆಯಲಾಗದಷ್ಟು ದೊಡ್ಡ ಪೊಸಿಷನ್ ಹಿಡಿದುಕೊಂಡು ಮನಸ್ಸನ್ನು ಶಾಂತವಾಗಿಡಲು ಹೆಣಗುವುದು, ತಲೆ ಗಟ್ಟಿ ಇದೆ ಎಂದು ಬಂಡೆಗೆ ಹಾಯುವುದಕ್ಕೆ ಸಮ.

ಒಂದು ನಾಣ್ಯವನ್ನು ನೂರು ಸಲ ಚಿಮ್ಮಿದರೆ ಎಲ್ಲಾದರೂ ಒಂದು ಕಡೆ ಸತತ ಐದು ಸಲ ಹಿಂಬದಿ ಬೀಳುವ ಸಾಧ್ಯತೆ ಶೇ 81. ಸತತ ಆರು ಬೀಳುವ ಸಾಧ್ಯತೆಯೂ ಅರ್ಧಕ್ಕಿಂತ ಹೆಚ್ಚು. ನಿಮ್ಮ ವಿಧಾನ ಅರ್ಧದಷ್ಟು ಸಲ ಗೆಲ್ಲುವಂಥದ್ದಾಗಿದ್ದರೆ ನೂರು ವಹಿವಾಟುಗಳಲ್ಲಿ ಸತತ ಐದು ಸೋಲು ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿಕೊಳ್ಳುವುದೇ ಒಳ್ಳೆಯದು. ಅದು ಬಂದಾಗ ಹೊಸಬರು ಮಾರುಕಟ್ಟೆ ತಮ್ಮ ಮೇಲೆ ಹಗೆ ಸಾಧಿಸುತ್ತಿದೆ ಎಂದುಕೊಳ್ಳುತ್ತಾರೆ, ಇಲ್ಲವೇ ಐದು ಸೋತ ಮೇಲೆ ಆರನೆಯದು ಗೆಲ್ಲಲೇಬೇಕು ಎಂದು ಪಣ ಹೆಚ್ಚಿಸುತ್ತಾರೆ. ನಾಣ್ಯಕ್ಕೆ ಅಂಥ ಹಂಗಿಲ್ಲ.

ಈಗ ಗಾತ್ರವನ್ನು ಸೇರಿಸಿ ನೋಡಿ. ಪ್ರತಿ ಸಲ ಉಳಿದ ಬಂಡವಾಳದ ಶೇ 2ರಷ್ಟನ್ನು ಮಾತ್ರ ಪಣಕ್ಕಿಟ್ಟವರು ಸತತ ಹತ್ತು ಸಲ ಸೋತರೂ 100ರಲ್ಲಿ ಸುಮಾರು 82 ಉಳಿದಿರುತ್ತದೆ. ಶೇ 10 ಇಟ್ಟವರಲ್ಲಿ ಉಳಿಯುವುದು 35. ಶೇ 20 ಇಟ್ಟವರಲ್ಲಿ 11 ಕೂಡ ಇಲ್ಲ. ಸೋತ ಸಂಖ್ಯೆ ಮೂವರದೂ ಒಂದೇ, ವಿಧಾನವೂ ಒಂದೇ ಇರಬಹುದು. ಇನ್ನು ಮೇಲೇಳುವ ಲೆಕ್ಕ ಇದಕ್ಕಿಂತ ನಿರ್ದಯಿ. ಶೇ 10 ಕಳೆದುಕೊಂಡರೆ ಮತ್ತೆ ಮೊದಲಿದ್ದಲ್ಲಿಗೆ ಬರಲು ಶೇ 11 ಗಳಿಸಿದರೆ ಸಾಕು. ಶೇ 50 ಹೋದರೆ ಉಳಿದದ್ದನ್ನು ಇಮ್ಮಡಿ ಮಾಡಬೇಕು. ಶೇ 90 ಹೋದರೆ ಉಳಿದದ್ದು ಹತ್ತು ಪಟ್ಟಾಗಬೇಕು. ಮೊದಲನೆಯವನು ಮತ್ತೆ ಸಮಾಧಾನದಿಂದ ಯೋಚಿಸಬಲ್ಲ. ಮೂರನೆಯವನಿಗೆ ಸಮಾಧಾನದ ದಾರಿಯೇ ಇಲ್ಲ, ಪವಾಡವೇ ಬೇಕು, ಹಾಗಾಗಿ ಅವನು ಪವಾಡಕ್ಕೇ ಕೈ ಹಾಕುತ್ತಾನೆ.

ಹೀಗಾಗಿ ಒತ್ತಡವನ್ನು ಒಂದು ಮಾಪಕದಂತೆ ಬಳಸಿ. ಪೊಸಿಷನ್ ಇರುವಾಗ ಎದುರಿಗಿರುವವರ ಮಾತು ಕಿವಿಗೆ ಬೀಳುತ್ತಿಲ್ಲವೇ? ರಾತ್ರಿ ಎದ್ದು ಮೊಬೈಲ್ ನೋಡುತ್ತೀರಾ? ಗಾತ್ರವನ್ನು ಅರ್ಧ ಮಾಡಿ. ಆಗಲೂ ನೋಡುತ್ತಿದ್ದರೆ ಮತ್ತೆ ಅರ್ಧ ಮಾಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದನ್ನು ಹಣಕ್ಕೆ ಮಾತ್ರ ಹೇಳಿದ್ದೆಂದು ತಿಳಿಯಬಾರದು, ಮನಸ್ಸಿಗೂ ಒಂದು ಹಾಸಿಗೆಯ ಅಳತೆ ಇದೆ. ಸಾಲದ ಹಣ, ಮನೆ ಖರ್ಚಿನ ಹಣ, ಚಿಕಿತ್ಸೆಗೆ ಅಥವಾ ಓದಿಗೆಂದು ಎತ್ತಿಟ್ಟ ಹಣ ಪಣದಲ್ಲಿದ್ದರೆ ಎಷ್ಟೇ ಸಣ್ಣ ಗಾತ್ರವೂ ಆ ಹಾಸಿಗೆಯನ್ನು ಮೀರುತ್ತದೆ.

ತಣ್ಣಗಿರುವಾಗ ಬರೆದಿಟ್ಟದ್ದು

ಆ ಒಂದು ಗಂಟೆಯಲ್ಲಿ ಒಳ್ಳೆಯ ನಿರ್ಧಾರ ಮಾಡುವುದು ಹೇಗೆ ಎಂದು ಕೇಳುವುದಕ್ಕಿಂತ, ಆ ಗಂಟೆಯಲ್ಲಿ ನಿರ್ಧಾರವೇ ಮಾಡದಂತೆ ಇರುವುದು ಹೇಗೆ ಎಂದು ಕೇಳುವುದು ಹೆಚ್ಚು ಉಪಯುಕ್ತ. ಕೋಪದಲ್ಲಿ ಕುಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲವಷ್ಟೇ. ಚಾಕುವನ್ನು ಮೊದಲೇ ದೂರ ಇಡಬೇಕು.

ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ವರ್ಷಗಳ ಕಾಲ ಅಧ್ಯಯನ ಮಾಡಿದ ವಿಧಾನವೊಂದು ಇಲ್ಲಿ ಬಹಳ ಹೊಂದುತ್ತದೆ. ಸಂಯಮದಿಂದ ಇರುತ್ತೇನೆ ಎಂಬಂಥ ಸಂಕಲ್ಪಗಳು ಬೇಗ ಮುರಿಯುತ್ತವೆ. ಹೀಗಾದರೆ ಹೀಗೆ ಮಾಡುತ್ತೇನೆ ಎಂದು ಸಂದರ್ಭ ಮತ್ತು ಕ್ರಿಯೆ ಎರಡನ್ನೂ ಜೋಡಿಸಿ ಬರೆದಿಟ್ಟ ಸಂಕಲ್ಪಗಳು ಹೆಚ್ಚು ನಿಲ್ಲುತ್ತವೆ. ಒಂದೇ ದಿನ ಬಂಡವಾಳದ ಶೇ 3 ಹೋದರೆ ಅಪ್ಲಿಕೇಶನ್‌ನಿಂದ ಲಾಗ್‌ಔಟ್ ಆಗಿ ಹೊರಗೆ ನಡೆಯಲು ಹೋಗುತ್ತೇನೆ. ಸತತ ಮೂರು ಸೋತರೆ ಆ ದಿನಕ್ಕೆ ಮುಗಿಸುತ್ತೇನೆ. ಬೆಲೆ ಗೊತ್ತುಮಾಡಿದ ಮಟ್ಟ ಮುಟ್ಟಿದರೆ ವಹಿವಾಟನ್ನು ತಾನಾಗಿ ಮುಗಿಸುವ ಸ್ಟಾಪ್ ಲಾಸ್ ಅನ್ನು ಪೊಸಿಷನ್ ತೆಗೆದುಕೊಂಡಾಗಲೇ ಹಾಕುತ್ತೇನೆ, ಲಾಭದ ಕಡೆಗಲ್ಲದೆ ಇನ್ನೊಂದು ಕಡೆಗೆ ಅದನ್ನು ಸರಿಸುವುದಿಲ್ಲ. ಈ ಅಂಕಿಗಳು ನಿಮ್ಮವಾಗಿರಲಿ. ಆದರೆ ಮಾರುಕಟ್ಟೆ ಮುಚ್ಚಿರುವಾಗ, ಯಾವ ಪೊಸಿಷನ್ ಕೂಡ ಇಲ್ಲದಿರುವಾಗ ಅವುಗಳನ್ನು ಬರೆಯಿರಿ. ದಿನದ ನಷ್ಟದ ಮಿತಿ ಅಥವಾ ಖಾತೆಯನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಸೌಲಭ್ಯವನ್ನು ಬ್ರೋಕರ್ ಕೊಟ್ಟಿದ್ದರೆ ಬಳಸಿಕೊಳ್ಳಿ. ಮನಸ್ಸಿನ ಬಲವನ್ನು ನಂಬುವುದಕ್ಕಿಂತ ಬಾಗಿಲಿಗೆ ಬೀಗ ಹಾಕುವುದು ಸುಲಭ. ದೊಡ್ಡ ಬ್ಯಾಂಕುಗಳ ಟ್ರೇಡಿಂಗ್ ವಿಭಾಗಗಳಲ್ಲಿ ಮಿತಿ ಮೀರಿದವನನ್ನು ತಡೆಯಲು ಬೇರೆಯವರೇ ಇರುತ್ತಾರೆ. ಒಬ್ಬರೇ ಕುಳಿತು ಮಾಡುವವರಿಗೆ ಆ ಬೇರೆಯವರು ಇಲ್ಲದಿರುವುದರಿಂದ, ನಿಯಮಗಳ ಒಂದು ಪ್ರತಿಯನ್ನು ನಂಬಿಕಸ್ಥ ಸ್ನೇಹಿತರಿಗೆ ಕೊಟ್ಟು ವಾರಕ್ಕೊಮ್ಮೆ ಲೆಕ್ಕ ಒಪ್ಪಿಸುವುದು ದೊಡ್ಡ ಬಲ.

ಆ ಕ್ಷಣದ ಉಪಾಯಗಳೂ ಇಲ್ಲದಿಲ್ಲ. ಉಸಿರನ್ನು ನಿಧಾನಗೊಳಿಸುವುದು, ಎದ್ದು ನಡೆಯುವುದು. ನನಗೆ ಹೆಚ್ಚು ಅರ್ಥಪೂರ್ಣ ಎನಿಸಿದ್ದು ಭಾವನೆಗೆ ಹೆಸರಿಡುವುದು: ಈಗ ನನಗೆ ಸಿಟ್ಟು ಬಂದಿದೆ, ಅವಮಾನವಾಗಿದೆ ಎಂದು ಒಂದು ಸಾಲು ಬರೆಯುವುದು. ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ, ಭಾವನೆಯನ್ನು ಪದದಲ್ಲಿ ಗುರುತಿಸಿದಾಗ ಮಿದುಳಿನಲ್ಲಿ ಬೆದರಿಕೆಗೆ ಸ್ಪಂದಿಸುವ ಅಮಿಗ್ಡಲಾದ ಚಟುವಟಿಕೆ ತಗ್ಗುತ್ತದೆ.

ಇನ್ನೊಂದು ಪ್ರಯೋಗವಂತೂ ಟ್ರೇಡರ್‌ಗಳಿಗೆಂದೇ ಮಾಡಿದಂತಿದೆ. 2009ರಲ್ಲಿ ಪೀಟರ್ ಸೋಕೋಲ್-ಹೆಸ್ನರ್ ಮತ್ತವರ ಸಹೋದ್ಯೋಗಿಗಳು ಪಣದ ಆಟವೊಂದರಲ್ಲಿ ಜನರಿಗೆ ಒಮ್ಮೆ ಪ್ರತಿ ಪಣವನ್ನೂ ಅದೊಂದೇ ಇದೆ ಎನ್ನುವಂತೆ ನೋಡಲು ಹೇಳಿದರು, ಇನ್ನೊಮ್ಮೆ ಹಲವು ಪಣಗಳ ಗುಂಪಿನಲ್ಲಿ ಒಂದು ಎಂದು, ವೃತ್ತಿಪರ ಟ್ರೇಡರ್‌ನಂತೆ ನೋಡಲು ಹೇಳಿದರು. ಎರಡನೆಯ ಸಲ ನಷ್ಟದ ಅಂಜಿಕೆ ಕಡಿಮೆಯಾಯಿತು, ನಷ್ಟವಾದಾಗಿನ ದೇಹದ ಉದ್ವೇಗವೂ ತಗ್ಗಿತು. ನೋಡುವ ಚೌಕಟ್ಟು ಬದಲಾದರೆ ನೋವೂ ಬದಲಾಗುತ್ತದೆ. ಎಷ್ಟು ಸಲ ನೋಡುತ್ತೇವೆ ಎಂಬುದಕ್ಕೂ ಇದೇ ಅನ್ವಯ. ಅಮೆರಿಕದ ಸುಮಾರು 500 ದೊಡ್ಡ ಕಂಪನಿಗಳ ಷೇರು ಬೆಲೆಯನ್ನು ಅಳೆಯುವ ಎಸ್ ಆ್ಯಂಡ್ ಪಿ 500 ಸೂಚ್ಯಂಕ ದಿನಗಳನ್ನು ಎಣಿಸಿದರೆ ಅರ್ಧಕ್ಕಿಂತ ತುಸುವೇ ಹೆಚ್ಚು ದಿನ ಏರಿದೆ, ವರ್ಷಗಳನ್ನು ಎಣಿಸಿದರೆ ನಾಲ್ಕರಲ್ಲಿ ಸುಮಾರು ಮೂರು ವರ್ಷ ಏರಿದೆ. ದಿನವೂ ನೋಡುವವರು ಅದೇ ಹೂಡಿಕೆಯಿಂದ ಎಷ್ಟೋ ಪಟ್ಟು ಹೆಚ್ಚು ನೋವು ತಿನ್ನುತ್ತಾರೆ. ದೀರ್ಘಕಾಲಕ್ಕೆ ಇಟ್ಟ ಹಣವನ್ನು ಗಂಟೆಗೊಮ್ಮೆ ನೋಡುವ ಅಭ್ಯಾಸವನ್ನು ದಯವಿಟ್ಟು ಬಿಡಿ.

ಬಚ್ಚಿಟ್ಟ ನಷ್ಟ

ನಷ್ಟದ ಅಂಕಿಗಿಂತ ಭಾರವಾದದ್ದು ಅದನ್ನು ಯಾರಿಗೂ ಹೇಳದೆ ಹೊತ್ತು ತಿರುಗುವುದು. ಗಂಡ ಹೆಂಡತಿಗೆ, ಮಗಳು ತಂದೆಗೆ ಹೇಳದೆ ತಿಂಗಳುಗಟ್ಟಲೆ ನಡೆದುಕೊಂಡು ಹೋಗುತ್ತದೆ. ಎಲ್ಲವನ್ನೂ ಸರಿಮಾಡಿದ ಮೇಲೆ ಹೇಳೋಣ ಎಂಬ ಯೋಚನೆ ಒಳ್ಳೆಯ ಉದ್ದೇಶದ್ದೇ. ಆದರೆ ಸರಿಮಾಡಲೇಬೇಕಾದ ಗಡುವು ಹುಟ್ಟುವುದೇ ಆ ಯೋಚನೆಯಿಂದ, ಗಡುವು ಹುಟ್ಟಿದೊಡನೆ ಪಣ ಬೆಳೆಯುತ್ತದೆ. ಮೋಸ ಮಾಡಬೇಕೆಂಬ ಉದ್ದೇಶ ಒಂದಿಷ್ಟೂ ಇಲ್ಲದವರು ಕೂಡ ತಮ್ಮದೊಂದು 88888 ಖಾತೆಯನ್ನು ಹೀಗೆ ತೆರೆದುಬಿಡುತ್ತಾರೆ.

ಹೇಳುವುದು ಕಷ್ಟ ನಿಜ. ಕೆಲವು ಸಂಗತಿಗಳು ಅದನ್ನು ಸ್ವಲ್ಪ ಸುಲಭ ಮಾಡುತ್ತವೆ. ಮೊದಲು ಒಟ್ಟು ಅಂಕಿಯನ್ನು, ಸಾಲವಿದ್ದರೆ ಅದನ್ನೂ ಸೇರಿಸಿ, ಕಾಗದದ ಮೇಲೆ ಬರೆದುಕೊಳ್ಳಿ. ಕಂತು ಕಂತಾಗಿ ಹೊರಬರುವ ಸತ್ಯ ಪ್ರತಿ ಸಲವೂ ಹೊಸ ಗಾಯ ಮಾಡುತ್ತದೆ, ಪೂರ್ತಿ ಅಂಕಿ ಒಮ್ಮೆ ಮಾತ್ರ ನೋಯಿಸುತ್ತದೆ. ವಾಪಸ್ ಗಳಿಸುತ್ತೇನೆ ಎಂಬ ಮಾತು ಕೊಡಬೇಡಿ, ಮುಂದೆ ಏನನ್ನು ನಿಲ್ಲಿಸುತ್ತೀರಿ ಎಂಬ ಮಾತು ಕೊಡಿ. ಕೇಳುವ ಸ್ಥಾನದಲ್ಲಿ ನೀವಿದ್ದರೆ, ಆ ದಿನ ಬೈಯುವುದನ್ನು ತಡೆದುಕೊಳ್ಳಿ. ಕೋಪ ನ್ಯಾಯವಾದದ್ದೇ ಇರಬಹುದು. ಆದರೂ ಮೊದಲ ದಿನ ಬೈಸಿಕೊಂಡವರು ಮುಂದಿನ ನಷ್ಟವನ್ನು ಹೇಳುವುದಿಲ್ಲ.

ಯಾರಿಗೂ ಹೇಳುವ ಸ್ಥಿತಿ ಇನ್ನೂ ಬಂದಿಲ್ಲವಾದರೆ ಬರೆಯುವುದರಿಂದ ಆರಂಭಿಸಬಹುದು. ಜೇಮ್ಸ್ ಪೆನ್ನೆಬೇಕರ್ 1980ರ ದಶಕದಲ್ಲಿ, ಬದುಕಿನ ಕಹಿ ಘಟನೆಗಳ ಬಗ್ಗೆ ದಿನಕ್ಕೆ 15 ನಿಮಿಷದಂತೆ ಸತತ ನಾಲ್ಕು ದಿನ ಬರೆಸಿದ ಪ್ರಯೋಗಗಳಿಂದ ಈ ವಿಷಯದ ಅಧ್ಯಯನವೇ ಶುರುವಾಯಿತು. ಟ್ರೇಡಿಂಗ್ ಡೈರಿ ಇದಕ್ಕಿಂತ ಬೇರೆ. ಅದರಲ್ಲಿ ನಿರ್ಧಾರ ಮತ್ತು ಫಲಿತಾಂಶವನ್ನು ಎರಡು ಪ್ರತ್ಯೇಕ ಕಾಲಂಗಳಲ್ಲಿ ಬರೆಯಬೇಕು. ಸರಿಯಾದ ನಿರ್ಧಾರ ನಷ್ಟ ತರಬಹುದು, ತಪ್ಪು ನಿರ್ಧಾರ ಲಾಭ ತರಬಹುದು. ನಿಯಮ ಮುರಿದು ಗಳಿಸಿದ ಲಾಭವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಮುಂದಿನ ದೊಡ್ಡ ನಷ್ಟವನ್ನು ಕಲಿಸುವ ಗುರು ಅದೇ.

ಚಟವಾಗಿ ಬದಲಾದಾಗ

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿ ಜೂಜಿನ ಚಟವನ್ನು ಮದ್ಯ, ಮಾದಕ ವಸ್ತುಗಳ ವ್ಯಸನದ ಸಾಲಿಗೇ ಸೇರಿಸಿತು. ಒಂಬತ್ತು ಲಕ್ಷಣಗಳಲ್ಲಿ ನಾಲ್ಕು ಅಥವಾ ಹೆಚ್ಚು ಹನ್ನೆರಡು ತಿಂಗಳೊಳಗೆ ಕಂಡರೆ ಅದು ಕಾಯಿಲೆ. ಅದೇ ಉತ್ಸಾಹ ಸಿಗಲು ಪಣ ಹೆಚ್ಚಿಸುತ್ತಾ ಹೋಗುವುದು, ಬಿಡಲು ಹೊರಟರೆ ಚಡಪಡಿಕೆ, ಬಿಡುವ ಪ್ರಯತ್ನಗಳು ಮತ್ತೆ ಮತ್ತೆ ವಿಫಲವಾಗುವುದು, ಕಳೆದದ್ದನ್ನು ಮರಳಿ ಪಡೆಯಲು ಮರುದಿನ ಮತ್ತೆ ಬರುವುದು, ಮನೆಯವರಿಗೆ ಸುಳ್ಳು ಹೇಳುವುದು, ಕೈ ಬರಿದಾದಾಗ ಬೇರೆಯವರ ಹಣಕ್ಕೆ ಕೈಚಾಚುವುದು. ಆ ಪಟ್ಟಿಯನ್ನು ಬರೆದದ್ದು ಜೂಜಿಗೆ. ಆದರೆ ಜೂಜು ಎಂಬ ಪದದ ಜಾಗದಲ್ಲಿ ಟ್ರೇಡಿಂಗ್ ಎಂದು ಇಟ್ಟು ಓದಿದಾಗ ನಿಮ್ಮದೇ ದಿನಚರಿ ಕಂಡರೆ, ಇನ್ನೊಂದು ಕೋರ್ಸ್ ಅಥವಾ ಹೊಸ ವಿಧಾನ ನಿಮಗೆ ನೆರವಾಗುವುದಿಲ್ಲ. ಮನೋವೈದ್ಯರು ಮತ್ತು ಆಪ್ತಸಮಾಲೋಚಕರು ನೆರವಾಗುತ್ತಾರೆ. ಯೋಚನೆ ಮತ್ತು ವರ್ತನೆಗಳನ್ನು ತಿದ್ದುವ ಚಿಕಿತ್ಸೆ ಇಂಥ ಚಟಕ್ಕೆ ಉಪಕಾರಿಯಾಗಿದೆ.

ನಷ್ಟದ ನಂತರ ಬದುಕೇ ಬೇಡ, ತಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂಬ ಯೋಚನೆ ಒಂದು ಕ್ಷಣ ಬಂದರೂ ಒಬ್ಬರೇ ಇರಬೇಡಿ. ಹತ್ತಿರದವರನ್ನು ಕರೆಯಿರಿ, ನೀವಿರುವ ಕಡೆಯ ಸಹಾಯವಾಣಿಗೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ. ಸಾಲಕ್ಕೆ ಮರುಹೊಂದಾಣಿಕೆ ಇದೆ, ಕಾನೂನಿನ ದಾರಿಗಳಿವೆ, ಕಾಲಾವಕಾಶ ಇದೆ. ಆ ಯೋಚನೆಯ ಕತ್ತಲಲ್ಲಿ ಇವು ಕಾಣದೆ ಹೋಗುವುದು ಒತ್ತಡದ ಲಕ್ಷಣ.

ಮುಂದುವರಿಯಬೇಕೇ?

ಒತ್ತಡ ನಿಭಾಯಿಸುವ ಬಗ್ಗೆ ಬರೆಯುವವರು ಈ ಪ್ರಶ್ನೆಯನ್ನು ದಾಟಿಹೋಗುವುದು ನನಗೆ ಸರಿ ಕಾಣುವುದಿಲ್ಲ. ಬ್ರಾಡ್ ಬಾರ್ಬರ್ ಮತ್ತು ಓಡಿಯನ್ ಅಮೆರಿಕದ 66,465 ಕುಟುಂಬಗಳ 1991ರಿಂದ 1996ರವರೆಗಿನ ಖಾತೆಗಳನ್ನು ನೋಡಿದಾಗ, ಅತಿ ಹೆಚ್ಚು ವಹಿವಾಟು ನಡೆಸಿದವರು ವರ್ಷಕ್ಕೆ ಶೇ 11.4 ಗಳಿಸಿದ್ದರು. ಮಾರುಕಟ್ಟೆ ಅದೇ ಅವಧಿಯಲ್ಲಿ ಶೇ 17.9 ಕೊಟ್ಟಿತ್ತು. ಬ್ರೆಜಿಲ್‌ನಲ್ಲಿ 2013ರಿಂದ 2015ರ ನಡುವೆ ಸೂಚ್ಯಂಕದ ಫ್ಯೂಚರ್ಸ್‌ನಲ್ಲಿ (ಮುಂದಿನ ದಿನಾಂಕಕ್ಕೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದಗಳಲ್ಲಿ) ದಿನದ ವಹಿವಾಟು, ಅಂದರೆ ಕೊಂಡದ್ದನ್ನು ಅದೇ ದಿನ ಮಾರುವುದನ್ನು, ಆರಂಭಿಸಿ, 300ಕ್ಕೂ ಹೆಚ್ಚು ದಿನ ಬಿಡದೆ ಮುಂದುವರಿಸಿದವರನ್ನು ಸಂಶೋಧಕರು ಲೆಕ್ಕ ಹಾಕಿದರು. ಶೇ 97ರಷ್ಟು ಜನ ನಷ್ಟದಲ್ಲಿದ್ದರು. ಅಷ್ಟು ದಿನ ಪಟ್ಟು ಹಿಡಿದವರಲ್ಲೂ ಬಹುತೇಕರಿಗೆ ಅನುಭವ ಲಾಭ ತಂದಿರಲಿಲ್ಲ. ಹಾಗಿದ್ದ ಮೇಲೆ ಬಿಡುವುದು ಸೋಲೊಪ್ಪಿಕೊಂಡಂತೆ ಎಂಬ ಭಾವನೆಗೆ ಯಾವ ಆಧಾರವೂ ಇಲ್ಲ. ದೀರ್ಘಕಾಲದ ಹೂಡಿಕೆಗೆ ಹೊರಳಿಕೊಂಡು ಪರದೆ ಮುಚ್ಚಿ ಬೇರೆ ಕೆಲಸ ನೋಡಿಕೊಂಡವರು ಬುದ್ಧಿವಂತಿಕೆಯ ಆಯ್ಕೆ ಮಾಡಿದ್ದಾರೆ.

ಮುಂದುವರಿಯುವುದೇ ಆದರೆ ದೊಡ್ಡ ನಷ್ಟದ ಮಾರನೆಯ ದಿನ ಬೇಡ. ಕೆಲವು ವಾರ ಪೂರ್ತಿ ಹೊರಗಿರಿ, ಆ ದಿನಗಳಲ್ಲಿ ಹಳೆಯ ವಹಿವಾಟುಗಳನ್ನು ಒಂದೊಂದಾಗಿ ತೆರೆದು, ಪ್ರತಿಯೊಂದನ್ನೂ ಅದರ ಹಿಂದಿನ ವಹಿವಾಟು ಮುಗಿದ ಎಷ್ಟು ನಿಮಿಷಕ್ಕೆ ತೆಗೆದುಕೊಂಡಿರಿ ಎಂದು ಬರೆಯಿರಿ. ನಷ್ಟವಾಗಿ ಹತ್ತೇ ನಿಮಿಷದಲ್ಲಿ ತೆಗೆದುಕೊಂಡವುಗಳನ್ನು ಬೇರೆ ಕೂಡಿಸಿ ನೋಡಿ. ಒಟ್ಟು ನಷ್ಟದಲ್ಲಿ ಅವುಗಳ ಪಾಲು ಎಷ್ಟೆಂದು ಆಗ ನಿಮ್ಮದೇ ಅಂಕಿಗಳು ಹೇಳುತ್ತವೆ. ನಂತರ ಬಂಡವಾಳ ಎಷ್ಟು ಉಳಿದಿದೆಯೋ ಅದನ್ನೇ 100 ಎಂದು ಹೊಸ ಪುಟದಲ್ಲಿ ಬರೆದು, ಮೊದಲಿದ್ದ ಅಂಕಿಯನ್ನು ಎಲ್ಲಿಯೂ ಬರೆಯದೆ, ಸಾಧ್ಯವಿರುವ ಅತಿ ಸಣ್ಣ ಗಾತ್ರದಲ್ಲಿ ಆರಂಭಿಸಿ. ಮೊದಲ ಇಪ್ಪತ್ತು ವಹಿವಾಟುಗಳಿಗೆ ಲಾಭ ನಷ್ಟದ ಕಾಲಂ ಖಾಲಿ ಇರಲಿ, ನಿಯಮ ಪಾಲಿಸಿದೆನೇ ಎಂಬ ಕಾಲಂ ಮಾತ್ರ ತುಂಬಿ.